ಆ್ಯಂಕಿಡ್ರಾಯ್ಡ್, ಮೂರು ವರ್ಷದ ಬಳಕೆಯ ನಂತರ: ಆ್ಯಪ್ ಚೆನ್ನಾಗಿದೆ, ರೆಡಿಮೇಡ್ ಡೆಕ್ ಬೇಡ

ಆ್ಯಂಕಿಡ್ರಾಯ್ಡ್ ಅಂದರೆ ಪ್ರಶ್ನೆ-ಉತ್ತರದ ಕಾರ್ಡು ತೋರಿಸಿ, ಮರೆಯೋ ಹೊತ್ತಿಗೆ ಮತ್ತೆ ಕೇಳಿ ನೆನಪಿಡಿಸೋ ಆ್ಯಪ್. ಕಾರ್ಡುಗಳ ಕಟ್ಟಿಗೆ 'ಡೆಕ್' ಅಂತಾರೆ. ನನ್ನ ಅಂಕ 5ಕ್ಕೆ 4. ಆ್ಯಂಡ್ರಾಯ್ಡ್‌ನಲ್ಲಿ ಪೂರ್ತಿ ಉಚಿತ, ಜಾಹೀರಾತಿನ ಕಾಟವಿಲ್ಲ, ಒಮ್ಮೆ ಡೆಕ್ ಇಳಿಸಿಕೊಂಡರೆ ನೆಟ್ ಬೇಕಿಲ್ಲ. ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಲ್ಲಿ ಓಡಾಡೋರು ಕ್ಯಾತ್ಸಂದ್ರದಲ್ಲಿ ಶುರು ಮಾಡಿದರೆ ದೊಡ್ಡಬೆಲೆ ಹೊತ್ತಿಗೆ ಅವತ್ತಿನ ರಿವ್ಯೂ, ಅಂದರೆ ಹಳೆ ಕಾರ್ಡುಗಳ ಪುನರಾವರ್ತನೆ, ಮುಗಿದಿರುತ್ತೆ. ಸೀಟು ಸಿಗದೆ ಕಂಬಿ ಹಿಡಿದು ನಿಂತರೂ ಸರಿ, ಒಂದು ಹೆಬ್ಬೆರಳು ಸಾಕು.

ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗೆ ಓದೋರು ಎಡವೋದು ಕಾರ್ಡಿನಲ್ಲಿ. ಸಾವಿರಾರು ಇಂಗ್ಲಿಷ್ ಪದಗಳ ರೆಡಿಮೇಡ್ ಡೆಕ್ ಸಿಗುತ್ತೆ. ಅದರಲ್ಲಿ ಹೆಚ್ಚಿನವು ಒಂದು ಪದ, ಎದುರಿಗೆ ನಾಲ್ಕು ಅರ್ಥ. 'ಸ್ಯಾಂಕ್ಷನ್' ತಗೊಳ್ಳಿ. 'ಲೋನ್ ಸ್ಯಾಂಕ್ಷನ್ ಆಯ್ತು' ಅಂತ ಎಲ್ಲರ ಬಾಯಲ್ಲೂ ಇದೆ, ಮಂಜೂರಾತಿ ಅನ್ನೋ ಅರ್ಥ ಕಲಿಯೋದೇ ಬೇಡ. ಆದರೆ ಪತ್ರಿಕೆಯಲ್ಲಿ 'ಸ್ಯಾಂಕ್ಷನ್ಸ್ ಆನ್ ಇರಾನ್' ಅಂದರೆ ನಿರ್ಬಂಧ, ತದ್ವಿರುದ್ಧ. ಎರಡನ್ನೂ ಒಂದೇ ಕಾರ್ಡಿಗೆ ತುಂಬಿದರೆ ಗೊತ್ತಿರೋದು ನೆನಪಾದ ಕೂಡಲೇ 'ಗುಡ್' (ನೆನಪಿದೆ ಅನ್ನೋ ಬಟನ್) ಒತ್ತಿಬಿಡ್ತೀವಿ, ಗೊತ್ತಿಲ್ಲದ್ದು ಗೊತ್ತಿಲ್ಲದಂತೆಯೇ ಉಳಿಯುತ್ತೆ. ಎರಡು ವಾಕ್ಯ, ಎರಡು ಕಾರ್ಡ್ ಮಾಡಿ. ಮುಂಭಾಗದಲ್ಲಿ ಪದದ ಜಾಗ ಖಾಲಿ ಬಿಟ್ಟ ಇಂಗ್ಲಿಷ್ ವಾಕ್ಯ. ಹಿಂದೆ ಪದ, ಕನ್ನಡದಲ್ಲಿ ಒಂದೇ ಸಾಲು. 'ಡಿಸ್‌ಇಂಟರೆಸ್ಟೆಡ್'ಗೆ 'ಆಸಕ್ತಿ ಇಲ್ಲದ' ಅಂತ ಬರೆದುಕೊಂಡರೆ ಪರೀಕ್ಷೆಯಲ್ಲಿ ಕೈಕೊಡುತ್ತೆ. ಅದರ ಅರ್ಥ ನಿಷ್ಪಕ್ಷಪಾತ: ಜಮೀನಿನ ಜಗಳ ಬಿಡಿಸೋಕೆ ಕೂತ, ಅದರಲ್ಲಿ ಸ್ವಂತ ಲಾಭ-ನಷ್ಟ ಇಲ್ಲದ ಪಂಚ ಅಂತ ನೆನೆಸಿಕೊಳ್ಳಿ.

'ಬಗ್ಗೆ ಚರ್ಚಿಸು' ಅನ್ನೋ ನಮ್ಮ ರೂಢಿಯಿಂದಲೇ 'ಡಿಸ್ಕಸ್ ಅಬೌಟ್' ಅನ್ನೋ ತಪ್ಪು ನುಸುಳೋದು. ಇಂಥ ಕ್ರಿಯಾಪದಗಳಿಗೂ ವಾಕ್ಯದ ಕಾರ್ಡೇ ಮದ್ದು.

ಒಂದು ಅಂಕ ಹೋಗಿದ್ದು ಸೆಟ್ಟಿಂಗ್ಸ್‌ಗೆ. ದಿನಕ್ಕೆ 20 ಹೊಸ ಕಾರ್ಡ್ ಅಂತ ಮೊದಲೇ ಇಟ್ಟಿರ್ತಾರೆ. ಕೆಲವೇ ವಾರದಲ್ಲಿ ರಿವ್ಯೂ ನೂರೈವತ್ತು ದಾಟುತ್ತೆ, ಒಂದು ಹಬ್ಬಕ್ಕೆ ಊರಿಗೆ ಹೋಗಿಬಂದರೆ ಗುಡ್ಡೆ ಬಿದ್ದಿರುತ್ತೆ. 8ಕ್ಕೆ ಇಳಿಸಿ. ಮರೆತಾಗ 'ಹಾರ್ಡ್' ಒತ್ತಬೇಡಿ, 'ಅಗೇನ್' ಒತ್ತಿ. ಹಾರ್ಡ್ ಅಂದರೆ ಕಷ್ಟಪಟ್ಟು ನೆನಪಾಯ್ತು ಅಂತಲೇ ಲೆಕ್ಕ. ಎಫ್‌ಎಸ್‌ಆರ್‌ಎಸ್ (ಯಾವ ಕಾರ್ಡ್ ಯಾವಾಗ ಮತ್ತೆ ಕೇಳಬೇಕು ಅಂತ ಲೆಕ್ಕ ಹಾಕೋ ವಿಧಾನ) ಆನ್ ಮಾಡಿ, ರಿಟೆನ್ಷನ್, ಅಂದರೆ ಎಷ್ಟು ನೆನಪಿರಬೇಕು ಅನ್ನೋ ಗುರಿ, 90%ರಲ್ಲೇ ಬಿಡಿ. ಆಸೆಬಿದ್ದು 97% ಮಾಡಿದರೆ ಅದೇ ಕಾರ್ಡುಗಳು ಪದೇಪದೇ ಎದುರು ಬರ್ತವೆ.

ಎಂಟು ಸಲ ಮರೆತ ಕಾರ್ಡನ್ನು 'ಲೀಚ್', ಅಂದರೆ ಜಿಗಣೆ, ಅಂತ ಗುರುತು ಹಾಕುತ್ತೆ, ಸೆಟ್ಟಿಂಗ್ಸ್‌ನಲ್ಲಿ ಹಾಗೆ ಇಟ್ಟಿದ್ದರೆ ಬದಿಗೂ ಇಡುತ್ತೆ. ಹೆಸರು ಸರಿಯಾಗಿಯೇ ಇದೆ. ಸಾಮಾನ್ಯವಾಗಿ ಸಿಕ್ಕಿಬೀಳೋದು 'ಇನ್‌ಜೀನಿಯಸ್', 'ಇನ್‌ಜೆನ್ಯುಅಸ್' ಥರದ ಜೋಡಿಗಳು: ಮೊದಲನೆಯದು ಜಾಣ್ಮೆಯ, ಎರಡನೆಯದು ಮುಗ್ಧ. ಅದೇ ಕಾರ್ಡನ್ನು ಮತ್ತೆ ಬರಲು ಬಿಟ್ಟರೆ ಪ್ರಯೋಜನವಿಲ್ಲ, ಎರಡೂ ಪದ ಬರುವ ಒಂದೇ ವಾಕ್ಯ ಬರೆದು ಹಳೆಯದನ್ನು ಅಳಿಸಿ.

ಕಂಪ್ಯೂಟರ್‌ನಲ್ಲೂ ಬಳಸೋರು ಕೂರುವ ಮುಂಚೆ, ಎದ್ದ ಮೇಲೆ ಸಿಂಕ್ ಮಾಡಲೇಬೇಕು. ಅಪ್‌ಲೋಡಾ ಡೌನ್‌ಲೋಡಾ ಅಂತ ಕೇಳಿದಾಗ ತಪ್ಪು ಒತ್ತಿದರೆ ಒಂದು ಕಡೆಯ ಕೆಲಸ ಅಳಿಸಿಹೋಗುತ್ತೆ. ಐಫೋನ್ ಆ್ಯಪ್‌ಗೆ ದುಡ್ಡು ಕೊಡಬೇಕು.