ಚಂಡಿ ಅಂಗಿಯಲ್ಲಿ ಆಗುಂಬೆ ಘಾಟಿ: ಹತ್ತಿ, ಪಾಲಿಯೆಸ್ಟರ್, ಉಣ್ಣೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಉಣ್ಣೆಗೆ. ಮಳೆಗಾಲದಲ್ಲಿ ಬೈಕಿನಲ್ಲಿ ಘಾಟಿ ಹತ್ತುವವರು ರೈನ್‌ಕೋಟಿನ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತಾರೆ, ಅದರೊಳಗೆ ಮೈಗೆ ತಾಗಿ ಯಾವ ಅಂಗಿ ಇರಬೇಕು ಅಂತ ಯಾರೂ ಕೇಳುವುದಿಲ್ಲ. ಕಳೆದ ಆಟಿ ತಿಂಗಳ ಒಂದು ಶನಿವಾರದವರೆಗೆ ನಾನೂ ಕೇಳಿರಲಿಲ್ಲ.

ನನ್ನ ಕೆಲಸ ಮಣಿಪಾಲದಲ್ಲಿ, ಅಮ್ಮ ಒಬ್ಬಳೇ ಇರುವುದು ಮೇಗರವಳ್ಳಿ ಹತ್ತಿರ. ಶನಿವಾರ ಮಧ್ಯಾಹ್ನ ಹೊರಟರೆ ಹಿರಿಯಡ್ಕ, ಹೆಬ್ರಿ, ಸೋಮೇಶ್ವರ, ಆಮೇಲೆ ಹದಿನಾಲ್ಕು ತಿರುವು. ಆ ದಿನ ಹೆಬ್ರಿ ದಾಟುವಷ್ಟರಲ್ಲೇ ಕತ್ತಿನ ಸಂದಿಯಿಂದ ನೀರು ಇಳಿದು ಹತ್ತಿಯ ಟೀ ಶರ್ಟ್ ಹೊಟ್ಟೆಯವರೆಗೆ ಚಂಡಿಯಾಗಿತ್ತು. ಕೆಳಗೆ ಇರುವಷ್ಟು ಹೊತ್ತು ಅದು ಬರೀ ಕಿರಿಕಿರಿ. ಘಾಟಿಯ ಅರ್ಧ ದಾಟಿದ ಮೇಲೆ ಹಲ್ಲು ಕಟಕಟ ಅನ್ನತೊಡಗಿತು. ಆಗುಂಬೆಯಲ್ಲಿ ಬೈಕ್ ನಿಲ್ಲಿಸಿ ಹೆಲ್ಮೆಟ್ಟಿನ ಕೊಕ್ಕೆ ಬಿಚ್ಚಲು ಹೋದರೆ ಹೆಬ್ಬೆರಳಿಗೂ ತೋರುಬೆರಳಿಗೂ ಸಂಬಂಧವೇ ಇಲ್ಲ. ಚಹಾ ಕೇಳಿದೆ, ನಾಲಗೆ ತೊದಲಿತು. ಅಂಗಡಿಯಾಕೆ ನನ್ನ ಮುಖ ನೋಡಿದವರೇ ಚಹಾಕ್ಕಿಂತ ಮೊದಲು ಮೈ ಒರೆಸುವ ಒಂದು ಒಣ ಬೈರಾಸು ಕೈಗಿಟ್ಟು, "ಮೊದ್ಲು ಆ ಅಂಗಿ ತೆಗೀರಿ" ಅಂದರು. ಅವರು ಹೇಳಿದ ಕ್ರಮವೇ ಸರಿ. ಮೊದಲು ಚಂಡಿ ಬಟ್ಟೆ ಮೈಮೇಲಿಂದ ಹೋಗಬೇಕು, ಬಿಸಿ ಚಹಾ ಆಮೇಲೆ.

ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದಕ್ಕೆ ಹೈಪೋಥರ್ಮಿಯಾ ಅನ್ನುತ್ತಾರೆ. ನಡುಕ, ಬೆರಳು ಮಾತು ಕೇಳದಿರುವುದು, ತೊದಲು, ಇವೆಲ್ಲ ಅದರ ಬಾಗಿಲಿನ ಲಕ್ಷಣಗಳು. ಮೈ ಬೆಚ್ಚಗಾಗದೆಯೇ ನಡುಕ ನಿಂತಿತು ಅಂದರೆ ಸಮಾಧಾನಪಡುವ ವಿಷಯ ಅಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ಇದಕ್ಕೆ ಹಿಮ ಬೀಳುವ ಊರೇ ಆಗಬೇಕೆಂದಿಲ್ಲ. ಆಗುಂಬೆ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ, ಉಡುಪಿಗಿಂತ ನಾಲ್ಕು ಡಿಗ್ರಿಯಷ್ಟು ತಂಪು. ಅದರ ಮೇಲೆ ಬೈಕಿನ ಗಾಳಿ, ಅದರ ಮೇಲೆ ನೀರು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ.

ಆ ವಾರವೇ ಅಡುಗೆಮನೆಯ ತಕ್ಕಡಿ ತೆಗೆದು ಕೂತೆ. ಹತ್ತಿಯ ಟೀ ಶರ್ಟ್ ಒಣಗಿದ್ದಾಗ 185 ಗ್ರಾಂ. ನೆನೆಸಿ, ಕೈಯಲ್ಲಿ ಗಟ್ಟಿಯಾಗಿ ಹಿಂಡಿದ ಮೇಲೂ 425. ಅಂದರೆ 240 ಗ್ರಾಂ ನೀರು ಮೈಗೆ ಅಂಟಿಕೊಂಡೇ ಕೂತಿದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೌಲ್ ಶಾಖ ಬೇಕು. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸೆಕೆಂಡಿಗೆ ಹೆಚ್ಚುಕಡಿಮೆ 100 ಜೌಲ್ ಶಾಖ ಹುಟ್ಟುತ್ತದೆ. ಲೆಕ್ಕ ಹಾಕಿದರೆ, ಆ ಒಂದು ಅಂಗಿಯನ್ನು ಮೈಮೇಲೇ ಒಣಗಿಸಲು ನನ್ನ ಒಂದೂವರೆ ಗಂಟೆಯ ಶಾಖ ಪೂರ್ತಿ ಬೇಕು. ಸ್ವಲ್ಪ ಭಾಗ ಸುತ್ತಲಿನ ಗಾಳಿಯಿಂದಲೂ ಸಿಗುತ್ತದೆ ಅನ್ನಿ. ಆದರೂ ಆ ಸಂಖ್ಯೆ ನೋಡಿ ನನಗೆ ಭಯವಾಯಿತು.

ಮಳೆಯಲ್ಲಿ ಏನು ಆವಿಯಾಗುತ್ತದೆ, ರೈನ್‌ಕೋಟ್ ಬೇರೆ ಇದೆಯಲ್ಲ ಅಂತ ಆಫೀಸಿನಲ್ಲಿ ಒಬ್ಬರು ಕೇಳಿದರು. ರೈನ್‌ಕೋಟ್ ತೆಗೆದು ಒಳಮೈ ಮುಟ್ಟಿ ನೋಡಿ, ಹನಿ ಹನಿ ಕೂತಿರುತ್ತದೆ. ಅಂಗಿಯ ನೀರು ಮೈಶಾಖಕ್ಕೆ ಆವಿಯಾಗಿ, ಗಾಳಿಗೆ ತಣ್ಣಗಾದ ಪ್ಲಾಸ್ಟಿಕ್‌ಗೆ ತಾಗಿ ಮತ್ತೆ ನೀರಾಗಿದೆ. ನಮ್ಮ ಮೈಯ ಬಿಸಿ ಒಂದೇ ಸಮನೆ ಹೊರಗೆ ಸಾಗಿಹೋಗುವ ದಾರಿ ಅದು.

ಪಾಲಿಯೆಸ್ಟರ್ ಟೀ ಶರ್ಟ್ ತಂದದ್ದು ಉಡುಪಿಯಲ್ಲೇ, 450 ರೂಪಾಯಿಗೆ. ಅದೇ ತಕ್ಕಡಿಯಲ್ಲಿ ಹಿಂಡಿದ ಮೇಲೆ ಉಳಿದ ನೀರು 85 ಗ್ರಾಂ. ಈ ನೂಲು ಒಳಗೆ ನೀರು ಕುಡಿಯುವುದೇ ಇಲ್ಲ ಅನ್ನಬಹುದು, ಎಳೆಗಳ ನಡುವೆ ಇದ್ದದ್ದಷ್ಟೇ. ಬೇಗ ಒಣಗುತ್ತದೆ, ಮುಗ್ಗುವ ಮೊದಲೇ ತಂತಿಯಿಂದ ತೆಗೆಯಬಹುದು. ಘಾಟಿಯಲ್ಲಿ ನಾಲ್ಕು ಸಲ ಹಾಕಿಕೊಂಡು ಹೋದೆ. ಆಗುಂಬೆಯಲ್ಲಿ ಕೊಕ್ಕೆ ಬಿಚ್ಚಲು ಬಂತು, ಬೆರಳು ಮಾತ್ರ ಜಡವಾಗಿತ್ತು. ತೆಳ್ಳಗಿರುವುದರಿಂದ ಚಂಡಿಯಾದ ಕೂಡಲೇ ಬೆನ್ನಿಗೆ ಅಂಟುತ್ತದೆ, ಬೈಕ್ ನಿಲ್ಲಿಸಿದಾಗ ಗಾಳಿ ಬೀಸಿದರೆ ಛಳ್ ಅನ್ನುತ್ತದೆ. ಬೆವರಿನ ನಾತವೂ ಸುಲಭಕ್ಕೆ ಬಿಡುವುದಿಲ್ಲ.

ಉಣ್ಣೆಯ ಯೋಚನೆ ಕೊಟ್ಟದ್ದು ಅಮ್ಮ. ಅಜ್ಜ ಜಡಿಮಳೆಯಲ್ಲಿ ಇಡೀ ದಿನ ಕಂಬಳಿ ಕೊಪ್ಪೆ ಹೊದ್ದು ಗದ್ದೆಯಲ್ಲಿ ಇರುತ್ತಿದ್ದರಂತೆ. ಹೊರಗೆ ನೀರು ಸುರಿಯುತ್ತಿದ್ದರೂ ಒಳಗೆ ಬೆಚ್ಚಗೆ.

ಇಲ್ಲಿ ನಾನು ಮೋಸಹೋದೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ಮೈಗಂಟುವ ಉಣ್ಣೆಯ ಅಂಗಿ ಅಂತ 899 ರೂಪಾಯಿಗೆ ಹಾಕಿದ್ದ. ಚಿತ್ರದಲ್ಲಿ ಕುರಿ ಬೇರೆ. ಬಂದದ್ದು ಮೃದುವಾಗಿಯೇ ಇತ್ತು, ಹಾಕಿಕೊಂಡರೆ ಬೆಚ್ಚಗೆ. ಆದರೆ ಮೊದಲ ಶನಿವಾರವೇ ಸೋಮೇಶ್ವರ ದಾಟುವಾಗ ಅದು ಸ್ಪಂಜಿನ ಹಾಗೆ ನೀರು ತುಂಬಿಕೊಂಡು ಜೋತುಬಿತ್ತು, ತೋಳು ಹಿಂಡಿದರೆ ನೀರು ಧಾರೆಯಾಗಿ ಬರುತ್ತಿತ್ತು. ಹತ್ತಿಯಷ್ಟೇ ಚಳಿ. ಒಗೆದು ಒಣಗಿಸಿ ಎರಡನೇ ವಾರ ಮತ್ತೆ ಹಾಕಿದೆ, ಅದೇ ಕಥೆ. ಉಣ್ಣೆಯ ಮೇಲೆಯೇ ನಂಬಿಕೆ ಹೋಯಿತು, ಅಜ್ಜನ ಮಾತೂ ಹಳೆಯ ಕಾಲದ ಬಡಾಯಿ ಇರಬಹುದು ಅಂದುಕೊಂಡೆ.

ಅಮ್ಮ ಸುಮ್ಮನಿರಲಿಲ್ಲ. ಒಳಹೊಲಿಗೆಯಿಂದ ಒಂದು ನೂಲು ಎಳೆದು ದೇವರ ದೀಪಕ್ಕೆ ಹಿಡಿದಳು. ನೂಲು ಉರಿಯುತ್ತಾ ಕರಗಿತು, ತುದಿಯಲ್ಲಿ ಕರಿ ಮಣಿಯ ಹಾಗೆ ಗಟ್ಟಿಯಾಯಿತು, ಪ್ಲಾಸ್ಟಿಕ್ ಸುಟ್ಟ ನಾತ. ಆಮೇಲೆ ಅಟ್ಟದಿಂದ ಕಂಬಳಿ ಇಳಿಸಿ ಅದರದ್ದೊಂದು ಎಳೆ ಹಿಡಿದಳು. ಅದು ಮುದುಡಿಕೊಂಡು ನಿಧಾನಕ್ಕೆ ಸುಟ್ಟಿತು, ದೀಪದಿಂದ ತೆಗೆದ ಕೂಡಲೇ ಆರಿತು, ಕೂದಲು ಸುಟ್ಟ ವಾಸನೆ ಬಂತು, ಬೆರಳಲ್ಲಿ ತಿಕ್ಕಿದರೆ ಪುಡಿ. ನನ್ನ ಅಂಗಿ ಅಕ್ರಿಲಿಕ್, ಅಂದರೆ ಉಣ್ಣೆಯ ಹಾಗೆ ಕಾಣುವ ಕೃತಕ ನೂಲು. ಚೀಟಿಯ ಹಿಂಬದಿ ಸಣ್ಣ ಅಕ್ಷರದಲ್ಲಿ ಅದನ್ನೇ ಬರೆದಿತ್ತು. ಹಿಂದಿರುಗಿಸುವ ಗಡುವು ಮುಗಿದಿತ್ತು, ದೂರಿಗೆ ಉತ್ತರವೂ ಬರಲಿಲ್ಲ. ನೀವು ಕೊಳ್ಳುವುದಾದರೆ ಚೀಟಿ ಓದಿ, ಮನೆಗೆ ಬಂದ ದಿನವೇ ಒಂದು ಎಳೆ ಸುಟ್ಟು ನೋಡಿ, ಗಡುವು ಇರುವಾಗಲೇ.

ನಿಜವಾದ ಮೆರಿನೋ ಕುರಿಯ ಉಣ್ಣೆಯದ್ದು 2,800 ರೂಪಾಯಿ ಆಯಿತು. ದುಡ್ಡು ಕೊಡುವಾಗ ಕೈ ಹಿಂದೆ ಬಂತು, ಸುಳ್ಳು ಹೇಳುವುದಿಲ್ಲ. ಹಿಂಡಿದ ಮೇಲೆ ಇದರಲ್ಲಿ ಉಳಿದ ನೀರು 150 ಗ್ರಾಂ, ಪಾಲಿಯೆಸ್ಟರಿಗಿಂತ ಹೆಚ್ಚೇ. ಆದರೂ ಮೈಮೇಲೆ ಬೆಚ್ಚಗಿರುವುದು ಇದೇ. ಉಣ್ಣೆಯ ಎಳೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ, ಹೊರಮೈ ಮಾತ್ರ ನೀರನ್ನು ದೂರ ಇಡುತ್ತದೆ. ತೇವ ಎಳೆದುಕೊಳ್ಳುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಎಳೆ ಗುಂಗುರಾಗಿರುವುದರಿಂದ ಚಂಡಿಯಾದರೂ ಹತ್ತಿಯ ಹಾಗೆ ಚರ್ಮಕ್ಕೆ ಮೆತ್ತಿಕೊಳ್ಳುವುದಿಲ್ಲ, ನಡುವೆ ಗಾಳಿ ಉಳಿಯುತ್ತದೆ. ಆರು ಶನಿವಾರ ಹತ್ತಿದ್ದೇನೆ. ಅದರಲ್ಲಿ ಎರಡು ದಿನ ಕತ್ತಿನಿಂದ ಸೊಂಟದವರೆಗೆ ನೆನೆದಿದ್ದೆ. ಎರಡೂ ದಿನ ಒಂದೇ ಪ್ರಯತ್ನಕ್ಕೆ ಕೊಕ್ಕೆ ಬಿಚ್ಚಿತು. ಚಳಿ ಇಲ್ಲ ಅಂತಲ್ಲ, ನಡುಕ ಇಲ್ಲ.

ತೊಂದರೆ ಒಣಗಿಸುವುದರಲ್ಲಿ. ನಮ್ಮ ಕಡೆಯ ಜುಲೈಯಲ್ಲಿ ಎರಡು ದಿನ ಫ್ಯಾನಿನ ಕೆಳಗೆ ಚಾಪೆಯ ಮೇಲೆ ಹರಡಬೇಕು. ತಂತಿಗೆ ಹಾಕಿದರೆ ಉದ್ದ ಇಳಿಯುತ್ತದೆ. ನುಸಿಗೆ ನುಸಿಗುಳಿಗೆ.

ವಾರಕ್ಕೊಮ್ಮೆ ಘಾಟಿ ಹತ್ತುವ ನನ್ನಂಥವರಿಗೆ ಒಂದೇ ಒಂದು ಉಣ್ಣೆ ಸಾಕು, ಎರಡು ದಿನ ಒಣಗಿದರೂ ಮುಂದಿನ ಶನಿವಾರಕ್ಕೆ ಸಿದ್ಧ. ದಿನಾ ಮಣಿಪಾಲದಿಂದ ಉಡುಪಿಗೆ ಓಡಾಡುವವರು ಅಷ್ಟು ದುಡ್ಡು ಹಾಕಬೇಡಿ, ಎರಡು ಪಾಲಿಯೆಸ್ಟರ್ ಕೊಂಡರೆ ಸರದಿಯಲ್ಲಿ ನಡೆಯುತ್ತದೆ. ಕೈ ಬಿಗಿ ಇದ್ದು ಘಾಟಿಯನ್ನೂ ಹತ್ತಬೇಕಾದವರು ಪಾಲಿಯೆಸ್ಟರ್ ಹಾಕಿ, ಇನ್ನೊಂದು ಒಣ ಅಂಗಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಸೋಮೇಶ್ವರದಲ್ಲಿ, ಘಾಟಿ ಶುರುವಾಗುವ ಮೊದಲೇ ಬದಲಿಸಿ.

ಆ ಹತ್ತಿ ಟೀ ಶರ್ಟನ್ನು ನಾನು ಬಿಸಾಡಿಲ್ಲ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪ್ರತಿ ಶನಿವಾರ ಜೊತೆಗೇ ಒಯ್ಯುತ್ತೇನೆ. ಮೇಗರವಳ್ಳಿ ತಲುಪಿ, ಅಮ್ಮ ಕಾಯಿಸಿಟ್ಟ ಬಚ್ಚಲು ಹಂಡೆಯ ನೀರು ಹುಯ್ದುಕೊಂಡ ಮೇಲೆ ಮೈಗೆ ಬೇಕಾಗುವುದು ಅದೇ.