ಆನ್‌ಲೈನ್ ನಿಧಿ ಸಂಗ್ರಹ ಸೇವೆ: ಒಟ್ಟು ಮೊತ್ತವಿದೆ, ಪೂರ್ಣ ಲೆಕ್ಕವಿಲ್ಲ

ಸುರತ್ಕಲ್ ಸಮೀಪದ ನಮ್ಮ ಯುವಕ ಮಂಡಲವು ಊರಿನ ಬಾಲಕನೊಬ್ಬನ ಶಸ್ತ್ರಚಿಕಿತ್ಸೆಗಾಗಿ ಆನ್‌ಲೈನ್ ನಿಧಿ ಸಂಗ್ರಹ ಸೇವೆಯೊಂದನ್ನು ಬಳಸಿತು. ಯುಪಿಐ ಪಾವತಿಗೆ ಎಲ್ಲಿಯೂ ಅಡಚಣೆಯಾಗಲಿಲ್ಲ, ಹಣವು ಮಂಗಳೂರಿನ ಆಸ್ಪತ್ರೆಯ ಖಾತೆಗೇ ನೇರವಾಗಿ ಸಂದಾಯವಾಯಿತು. ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಸಂಗ್ರಹ ಎಷ್ಟು ಫಲ ಕೊಟ್ಟಿತೆಂದು ಅಳೆಯಹೊರಟವರಿಗೆ ಈ ಸೇವೆ ಒದಗಿಸುವ ವಿವರ ಸಾಲದು.

ಸೇವೆಯ ಸಂಗ್ರಹ ಪುಟದಲ್ಲಿ ಎದ್ದುಕಾಣುವುದು ಒಟ್ಟು ಮೊತ್ತ ಮಾತ್ರ. ಸೇವಾ ಶುಲ್ಕ, ಅದರ ಮೇಲಿನ ಶೇ. 18 ಜಿಎಸ್‌ಟಿ, ಜಾಹೀರಾತಿನ ಖರ್ಚು ಎಲ್ಲ ಕಳೆದು ಆಸ್ಪತ್ರೆಗೆ ಮುಟ್ಟಿದ್ದೆಷ್ಟು ಎಂಬುದನ್ನು ನಾವೇ ಕುಳಿತು ಲೆಕ್ಕಹಾಕಬೇಕಾಯಿತು. ದೇಣಿಗೆಯ ಜೊತೆಗೆ ಸೇವೆ ನಡೆಸುವ ಸಂಸ್ಥೆಗೆಂದು 'ಟಿಪ್' ಮೊತ್ತವನ್ನು ಮೊದಲೇ ಸೇರಿಸಿಡುವ ಕ್ರಮವನ್ನಂತೂ ಒಪ್ಪಲಾರೆ. ಅದನ್ನು ತೆಗೆಯಬಹುದೆಂದು ಹಿರಿಯ ದಾನಿಗಳಿಗೆ ತಿಳಿಯುವುದೇ ಇಲ್ಲ.

ಸಹಾಯಾರ್ಥ ಯಕ್ಷಗಾನ ಆಡಿಸುವವರಿಗೆ ಇಂಥ ಲೆಕ್ಕ ಹೊಸದಲ್ಲ. ಮೇಳದ ವೀಳ್ಯ (ತಂಡಕ್ಕೆ ಕೊಡುವ ಸಂಭಾವನೆ), ಶಾಮಿಯಾನ, ಧ್ವನಿವರ್ಧಕ, ಊಟ ಎಂದು 60,000 ರೂಪಾಯಿ ಖರ್ಚಾಗಿ 2,00,000 ರೂಪಾಯಿ ಕೂಡಿದರೆ, ಪ್ರತಿ ರೂಪಾಯಿ ಕೂಡಿಸಲು 30 ಪೈಸೆ ವೆಚ್ಚವಾಯಿತೆಂದು ಯಾರು ಬೇಕಾದರೂ ಹೇಳಬಲ್ಲರು. ಆದರೂ ವೆಚ್ಚದ ಪ್ರಮಾಣವೊಂದನ್ನೇ ನೆಚ್ಚುವುದು ಸರಿಯಲ್ಲ. ಹೊಸದಾಗಿ ಕೊಟ್ಟವರೆಷ್ಟು, ಮುಂದೆಯೂ ಕೊಡುವವರೆಷ್ಟು, ಪುಟವಿಲ್ಲದಿದ್ದರೂ ಹೇಗೂ ಕೊಡುತ್ತಿದ್ದವರೆಷ್ಟು ಎಂಬುದನ್ನೂ ನೋಡಬೇಕು. ಇವುಗಳಲ್ಲಿ ಕೊನೆಯದೇ ಅತ್ಯಂತ ಕಷ್ಟದ ಪ್ರಶ್ನೆ, ಅದಕ್ಕೆ ಈ ಸೇವೆಯ ಪ್ರತ್ಯೇಕ ಲಿಂಕ್‌ಗಳ ಸೌಲಭ್ಯ ನಿಜಕ್ಕೂ ನೆರವಾಯಿತು. ಊರು, ಮುಂಬಯಿ ಎಂದು ಬೇರೆ ಬೇರೆ ಲಿಂಕ್ ಕಳುಹಿಸಿ, ಬಂದ ಹೆಸರುಗಳನ್ನು ಮಂಡಲದ ಹಳೆಯ ರಸೀದಿ ಪುಸ್ತಕಗಳೊಂದಿಗೆ ಹೋಲಿಸಿದಾಗ, ಊರಿನ ದಾನಿಗಳಲ್ಲಿ ಬಹುಪಾಲು ಪ್ರತಿವರ್ಷ ಕೈಯಾರೆ ಕೊಡುವವರೇ ಆಗಿದ್ದರು. ಮುಂಬಯಿಯವರಲ್ಲಿ ಹೆಚ್ಚಿನವರು ಹೊಸಬರು. ಸೇವೆಯಿಂದ ಆದ ನಿಜವಾದ ಲಾಭ ಮುಂಬಯಿಯದ್ದೇ ಹೊರತು ಪುಟದ ಮೇಲಿನ ಪೂರ್ತಿ ಮೊತ್ತವಲ್ಲ.

ಆದಾಯ ತೆರಿಗೆಯ ರಿಯಾಯಿತಿ ಅನುಮೋದಿತ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಗೆ ಮಾತ್ರ, ವ್ಯಕ್ತಿಯ ಚಿಕಿತ್ಸೆಗೆ ನೇರವಾಗಿ ಕೊಟ್ಟದ್ದಕ್ಕಲ್ಲ ಎಂಬುದನ್ನು ಪುಟದಲ್ಲೇ ಸ್ಪಷ್ಟಪಡಿಸಬೇಕಿತ್ತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುವುದರಿಂದ, ಕೊರತೆ ನಿಜವಾಗಿ ಎಷ್ಟೆಂದು ಪುಟ ತೆರೆಯುವ ಮುನ್ನವೇ ಕೇಳುವುದೂ ಅಗತ್ಯ. ಈ ಸೇವೆಯನ್ನು ಬಳಸುವ ಸಂಘಟನೆಗಳು ಮೊದಲ ದಿನದಿಂದಲೇ ಲಿಂಕ್‌ಗಳನ್ನು ಪ್ರತ್ಯೇಕಿಸಿ, ಎಲ್ಲ ಕಡಿತ ಕಳೆದ ನಿವ್ವಳ ಮೊತ್ತದ ವಿವರವನ್ನು ಲಿಖಿತವಾಗಿ ಕೇಳಿ ಪಡೆಯಲಿ.