ಬ್ಯಾರಲ್‌ನಲ್ಲಿ ಬಂದ ಬಯೋಡೀಸೆಲ್ ಮತ್ತು ನನ್ನ ಎಕ್ಸ್‌ಕವೇಟರ್

ಚಿಕ್ಕಬಳ್ಳಾಪುರದ ಬಳಿಯ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ 20 ಟನ್ನಿನ ಎಕ್ಸ್‌ಕವೇಟರ್‌ನಲ್ಲಿ ಇಂಜಿನ್ನಿನೊಳಗೆ ಇಂಧನ ಚಿಮ್ಮಿಸುವ ಆರೂ ಇಂಜೆಕ್ಟರ್‌ಗಳು ಕಳೆದ ಡಿಸೆಂಬರ್‌ನಲ್ಲಿ ಹಾಳಾದವು. ಬಂಕ್ ಡೀಸೆಲ್‌ಗಿಂತ ಲೀಟರ್‌ಗೆ 9 ರೂಪಾಯಿ ಕಡಿಮೆಯೆಂದು ನಾನು ತರಿಸಿಕೊಂಡದ್ದು 200 ಲೀಟರಿನ ಐದು ಬ್ಯಾರಲ್ ಬಯೋಡೀಸೆಲ್ ಮಿಶ್ರಣ, ಅಂದರೆ ಎಣ್ಣೆ, ಕೊಬ್ಬುಗಳಿಂದ ಮಾಡಿದ ಇಂಧನ ಬೆರೆಸಿದ ಡೀಸೆಲ್. ಅದರಿಂದ ಉಳಿದದ್ದು 9,000 ರೂಪಾಯಿ. ರಿಪೇರಿಗೆ ತೆತ್ತದ್ದು 2.4 ಲಕ್ಷ.

ಬಯೋಡೀಸೆಲ್ಲೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬಂಕ್ ಡೀಸೆಲ್‌ನಲ್ಲಿಯೇ ಶೇ 7ರವರೆಗೆ ಅದನ್ನು ಬೆರೆಸಲು ಭಾರತೀಯ ಮಾನಕ ಐಎಸ್ 1460 ಅವಕಾಶ ಕೊಡುತ್ತದೆ. ನನಗೆ ಬಂದ ಬ್ಯಾರಲ್‌ಗಳಲ್ಲಿ ಎಷ್ಟು ಬೆರೆತಿದೆ ಎಂದು ಕೇಳಿದಾಗ, ತಂದವರು "ಇಪ್ಪತ್ತು ಪರ್ಸೆಂಟ್ ಇರ್ಬೌದು ಸಾರ್" ಎಂದರು. ಆ 'ಇರ್ಬೌದು' ಕೇಳಿದ ಕೂಡಲೇ ಬ್ಯಾರಲ್‌ಗಳನ್ನು ವಾಪಸು ಕಳುಹಿಸಬೇಕಿತ್ತು.

ಮೂರನೆಯ ದಿನವೇ ಆಪರೇಟರ್ ಬಂದು, "ಅಣ್ಣ, ಬಕೆಟ್ ತುಂಬಿ ಎತ್ತೋವಾಗ ಇಂಜಿನ್ ಕೂತ್ಕೊಂಡ್‌ಬಿಡ್ತದೆ" ಎಂದ. ಫಿಲ್ಟರ್ ಬದಲಿಸಿದೆವು, ನಲವತ್ತು ಗಂಟೆ ಓಡುವುದರೊಳಗೆ ಅದೂ ಕಟ್ಟಿಕೊಂಡಿತು. ಬಯೋಡೀಸೆಲ್‌ಗೆ ಕೊಳೆಯನ್ನು ಕರಗಿಸುವ ಗುಣವಿರುವುದರಿಂದ ಹಳೆಯ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಗಸಿಯೆಲ್ಲ ಎದ್ದು ಫಿಲ್ಟರ್‌ಗೆ ಬರುತ್ತದೆ. ಮೊದಲೇ ಟ್ಯಾಂಕ್ ಬರಿದು ಮಾಡಿ ತೊಳೆಸಿ, ಎರಡು ಮೂರು ಫಿಲ್ಟರ್ ಕೈಯಲ್ಲಿಟ್ಟುಕೊಂಡಿದ್ದರೆ ಇಷ್ಟನ್ನು ಸುಧಾರಿಸಬಹುದಿತ್ತು.

ನಿಜವಾದ ಹಾನಿಯಾದದ್ದು ಆಮೇಲೆ. ಮಳೆಗೆ ಕ್ವಾರಿಯಲ್ಲಿ ನೀರು ನಿಂತು, ಅರ್ಧ ಟ್ಯಾಂಕ್ ಮಿಶ್ರಣದೊಂದಿಗೆ ಯಂತ್ರ ಐದು ವಾರ ನಿಂತಿತು. ಬಯೋಡೀಸೆಲ್ ಡೀಸೆಲ್‌ಗಿಂತ ಹೆಚ್ಚು ನೀರನ್ನು ಹೀರಿಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕಿನ ಗೋಡೆಯಲ್ಲಿ ಹನಿಗಟ್ಟಿದ ತೇವವೂ ಅದಕ್ಕೆ ಸೇರುತ್ತದೆ. ನೀರು ಮತ್ತು ಇಂಧನ ಸೇರುವ ಮಟ್ಟದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಗಾಳಿ ತಾಗಿದ ಇಂಧನ ಹುಳಿಯಾಗಿ ಅಂಟು ಬಿಡುತ್ತದೆ. ಡಿಸೆಂಬರ್‌ನ ಚಳಿಯ ಬೆಳಗಿನಲ್ಲಿ ಯಂತ್ರ ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಫಿಲ್ಟರನ್ನು ಗರಗಸದಿಂದ ಕೊಯ್ದು ತೆರೆದಾಗ ಕಾಗದದ ಮಡಿಕೆಗಳ ನಡುವೆ ಕಂದು ಲೋಳೆ ಮೆತ್ತಿತ್ತು. ಬೋಂಡಾ ಕರಿದು ಕರಿದು ಹಳಸಿದ ಎಣ್ಣೆಯ ವಾಸನೆ ಬರುತ್ತಿತ್ತು. ಬಿಚ್ಚಿದ ಇಂಜೆಕ್ಟರ್‌ನ ಸೂಜಿಯ ಮೇಲೆ ಅರಗು ಸವರಿದಂತಹ ಪದರವಿತ್ತು. ಭಾರೀ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಆ ಸೂಜಿ ಓಡಾಡುವ ಸಂದು ಕೆಲವೇ ಮೈಕ್ರಾನ್‌ನಷ್ಟು ಕಿರಿದು. ಅಷ್ಟು ಅಂಟು ಸಾಕು.

ಬಯೋಡೀಸೆಲ್ ಮಿಶ್ರಣ ಬಳಸಲೇಬೇಕೆನ್ನುವವರು ಶೇಕಡಾ ಎಷ್ಟರವರೆಗೆ ಬಳಸಬಹುದೆಂಬುದನ್ನು ನಿಮ್ಮ ಯಂತ್ರದ ಕೈಪಿಡಿಯಲ್ಲಿ ಮೊದಲು ನೋಡಿ. ಅದನ್ನು ಮೀರಿದರೆ ವಾರಂಟಿಯೂ ಕೈಬಿಡಬಹುದು. ವಾಟರ್ ಸೆಪರೇಟರ್‌ನ ನೀರನ್ನು ಪ್ರತಿದಿನ ಬೆಳಗ್ಗೆ ಇಳಿಸಿ. ಹಳೆಯ ಯಂತ್ರವಾದರೆ ರಬ್ಬರ್ ಹೋಸ್ ಮತ್ತು ಸೀಲ್‌ಗಳು ಉಬ್ಬಿವೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಕೆಲಸ ನಿಲ್ಲುವ ಸೂಚನೆ ಸಿಕ್ಕಿದರೆ ಮಿಶ್ರಣವನ್ನು ಮುಗಿಸಿ, ಬಂಕ್ ಡೀಸೆಲ್ ಹಾಕಿ ಸ್ವಲ್ಪ ಹೊತ್ತು ಓಡಿಸಿದ ಮೇಲೆಯೇ ಟ್ಯಾಂಕ್ ತುಂಬಿಸಿ ನಿಲ್ಲಿಸಿ.

ಕೊಳ್ಳುವಾಗ, ಬೆರೆಸಿದ ಬಯೋಡೀಸೆಲ್ ಅದರ ಭಾರತೀಯ ಮಾನಕ ಐಎಸ್ 15607ರಂತೆ ಪರೀಕ್ಷೆಯಾದ ವರದಿಯನ್ನೂ ಜಿಎಸ್‌ಟಿ ಬಿಲ್ಲನ್ನೂ ಕೇಳಿ ಪಡೆಯಿರಿ. ಪ್ರತಿ ಸಲವೂ ಒಂದು ಗಾಜಿನ ಬಾಟಲಿಯಲ್ಲಿ ಮಾದರಿ ತೆಗೆದು, ದಿನಾಂಕ ಬರೆದು, ತಂದವರ ಸಹಿ ಹಾಕಿಸಿ ಎತ್ತಿಡಿ. ದೂರು ಕೊಡಲು ಹೋದಾಗ ನನ್ನ ಬಳಿ ಇದ್ದದ್ದು ಬ್ಯಾರಲ್ ಲೆಕ್ಕ ಗೀಚಿದ ಒಂದು ಬಿಳಿ ಚೀಟಿ ಮಾತ್ರ. ಅದರಲ್ಲಿ ಮಾರಿದವರ ಹೆಸರೂ ಇರಲಿಲ್ಲ.